ಬಗ್ಗದ ಮನೋವ್ಯಾಧಿಯೂ ಚಿಕಿತ್ಸೆಯ ನಾಲ್ಕು ಪಾದಗಳೂ

ಕಳೆದ ಶ್ರಾವಣಮಾಸದಲ್ಲಿ ಕೊಟ್ಟೂರಿನ ಬಂಧುಗಳೊಬ್ಬರ ಮನೆಯಲ್ಲಿ ಪುರಾಣಶ್ರವಣವು ಮುಗಿದ ತರುವಾಯ ನಾಲ್ಕಾರು ಮಂದಿ ಹಿರಿಯರು ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದರು. ನೆರೆಯ ಹಳ್ಳಿಯ ತರುಣನೊಬ್ಬನ ಪ್ರಸ್ತಾಪವು ಬಂದಿತು. ಎರಡು ವರ್ಷಗಳಿಂದ ಅವನು ಯಾರೊಡನೆಯೂ ಮಾತಾಡನು. ಹೊಲದ ಕಡೆಗೆ ಕಾಲಿಡನು. ಉಂಡರೆ ಉಂಡನು, ಇಲ್ಲದಿದ್ದರೆ ಇಲ್ಲ. "ಮೂರು ಕಡೆ ತೋರಿಸ್ಯಾರ, ಚೀಲದ ತುಂಬ ಗುಳಿಗಿ ನುಂಗಿಸ್ಯಾರ. ಇನ್ನ ಆಗೂದಿಲ್ಲ ಬಿಡ್ರಿ, ಅದು ಅಸಾಧ್ಯ" ಎಂದು ಒಬ್ಬರು ತೀರ್ಪು ಹೇಳಿದರು. ಉಳಿದವರು ತಲೆದೂಗಿದರು. ಮಾತು ಮಳೆಯ ಕಡೆಗೆ ತಿರುಗಿತು.

ಆ 'ಅಸಾಧ್ಯ' ಎಂಬ ಶಬ್ದವು ಮಾತ್ರ ನನ್ನನ್ನು ಮನೆಯವರೆಗೂ ಬಿಡದೆ ಹಿಂಬಾಲಿಸಿತು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಗುರುಗಳ ಸನ್ನಿಧಿಯಲ್ಲಿ ಚರಕಸಂಹಿತೆಯ ಸೂತ್ರಸ್ಥಾನದ ಕೆಲವು ಅಧ್ಯಾಯಗಳನ್ನು ಓದುವ ಭಾಗ್ಯವು ನನಗೆ ಒದಗಿತ್ತು. ಅಲ್ಲಿ ಅಸಾಧ್ಯವೆಂಬುದು ವೈದ್ಯನು ಎಲ್ಲಕ್ಕಿಂತ ಕಡೆಯಲ್ಲಿ ಆಡಬೇಕಾದ ಮಾತೇ ಹೊರತು ಬೇಸರ ಬಂದಾಗ ಆಡುವ ಮಾತಲ್ಲ. ಔಷಧಕ್ಕೆ ಬಗ್ಗದ ಖಿನ್ನತೆ, ಹಿಗ್ಗು ಕುಗ್ಗುಗಳ ನಡುವೆ ಮನುಷ್ಯನನ್ನು ತೂಗಾಡಿಸುವ ದ್ವಿಧ್ರುವವ್ಯಾಧಿ, ಇವುಗಳ ಚಿಕಿತ್ಸೆಯು ಕಳೆದ ಒಂದು ಶತಮಾನದಲ್ಲಿ ನಡೆದು ಬಂದ ದಾರಿಯನ್ನೂ, ಆ ದಾರಿಯಲ್ಲಿ ನಮ್ಮ ಬಳ್ಳಾರಿ ಸೀಮೆಗೆ ಇರುವ ಸ್ಥಾನವನ್ನೂ ನನ್ನ ಅಲ್ಪಮತಿಗೆ ತೋರಿದಷ್ಟು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಆದರೆ ಇಂಥ ರೋಗಿಯೊಬ್ಬರ ಮನೆಯಲ್ಲಿ ಬೆಳೆದವನು.

ಚರಕನು ರೋಗಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಸುಲಭವಾಗಿ ವಾಸಿಯಾಗುವುದು ಸುಖಸಾಧ್ಯ, ಕಷ್ಟದಿಂದ ವಾಸಿಯಾಗುವುದು ಕೃಚ್ಛ್ರಸಾಧ್ಯ, ಪೂರ್ತಿ ವಾಸಿಯಾಗದಿದ್ದರೂ ಚಿಕಿತ್ಸೆ ನಡೆಯುತ್ತಿರುವವರೆಗೆ ರೋಗಿಯು ಬಾಳಿಕೊಂಡು ಹೋಗುವಂಥದು ಯಾಪ್ಯ, ಉಳಿದುದು ಅಸಾಧ್ಯ. ಯಾಪ್ಯವನ್ನು ಸುಶ್ರುತಸಂಹಿತೆಯು ಬೀಳಲಿರುವ ಮನೆಗೆ ಸರಿಯಾಗಿ ನಿಲ್ಲಿಸಿದ ಊರೆಗಂಬಕ್ಕೆ ಹೋಲಿಸುತ್ತದೆ. ಕಂಬವಿರುವವರೆಗೂ ಮನೆಯು ನಿಂತಿರುತ್ತದೆ, ಒಳಗೆ ಸಂಸಾರವೂ ನಡೆಯುತ್ತದೆ.

ಇದೇ ಚರಕನು ಮತ್ತೊಂದು ಮಾತನ್ನೂ ಹೇಳುತ್ತಾನೆ. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಔಷಧದ ಗುಣಗಳಲ್ಲಿ ಮೊದಲು ಎಣಿಸಿರುವುದು ಅದರ ವೀರ್ಯವನ್ನಲ್ಲ, ಬಹುತೆಯನ್ನು. ಎಂದರೆ ಬೇಕಾದಷ್ಟು ದೊರೆಯುವಿಕೆಯನ್ನು. ಉಪಚಾರಕನಿಗೆ ಸೇವೆಯ ತಿಳಿವಳಿಕೆಯೊಡನೆ ಅನುರಾಗವೂ ಇರಬೇಕು. ರೋಗಿಗೆ ತನ್ನ ಬಾಧೆಯನ್ನು ಅಂಜದೆ ತಿಳಿಸುವ ಶಕ್ತಿಯಿರಬೇಕು. ಹೀಗಿರಲು, ಒಂದು ರೋಗವು ಬಗ್ಗಲಿಲ್ಲವೆಂದರೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ಈ ನಾಲ್ಕರಲ್ಲಿ ಯಾವ ಕಾಲು ಗಿಡ್ಡವಾಗಿದೆ ಎಂಬುದು. ಕಾಲು ಮುರಿದ ಮಣೆಯು ಅಲುಗಾಡಿದರೆ ನೆಲವನ್ನು ದೂರುವವರುಂಟೇ?

ನಮ್ಮ ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಜಯಘೋಷ ಮಾಡುವುದು ನನ್ನ ಅಭಿಪ್ರಾಯವಲ್ಲ. ಚರಕನು ಉನ್ಮಾದವನ್ನು ಐದು ಬಗೆಯೆಂದು ಹೇಳಿ, ತ್ರಿದೋಷಗಳೂ ಕೂಡಿ ಕೆರಳಿದ ಸನ್ನಿಪಾತೋನ್ಮಾದವನ್ನು ವೈದ್ಯನು ಕೈಬಿಡಬೇಕೆನ್ನುತ್ತಾನೆ. ಪ್ರಿಯವಸ್ತುವನ್ನು ಕಳೆದುಕೊಂಡು ಬುದ್ಧಿ ಕೆಟ್ಟವನನ್ನು ಸಾಂತ್ವನದಿಂದ ಸಮಾಧಾನಪಡಿಸಬೇಕೆಂದು ಹೇಳುವ ಅಧ್ಯಾಯದಲ್ಲಿಯೇ, ಕೆಲವು ರೋಗಿಗಳನ್ನು ಕಟ್ಟಿಹಾಕುವ ಮತ್ತು ಹೆದರಿಸುವ ಉಪಾಯಗಳೂ ಇವೆ. ಅವರ ಕೈಯಲ್ಲಿದ್ದ ಸಾಧನಗಳು ಅಷ್ಟೇ. ಆದುದರಿಂದ ಅವರು ಅಸಾಧ್ಯವೆಂದದ್ದು ಅಂದಿನ ಸಾಧನಗಳ ಎಲ್ಲೆ, ರೋಗದ ಎಲ್ಲೆಯಲ್ಲ. ಈ ಎಲ್ಲೆಯು ಹೇಗೆ ಸರಿಯುತ್ತ ಬಂದಿತೆಂಬುದೇ ಮುಂದಿನ ಕಥೆ.

ಮೊದಲು ನಮ್ಮ ಸೀಮೆಯ ಪೂರ್ವಸ್ಥಿತಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಈ ನಾಡು ೧೯೫೩ನೆಯ ಇಸವಿಯವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ೧೮೭೧ರಲ್ಲಿ ತೆರೆದ ಮದರಾಸಿನ ದೊಡ್ಡ ಮಾನಸಾಸ್ಪತ್ರೆಯು ದೂರದ ಕಿಲ್ಪಾಕಿನಲ್ಲಿ. ತುಂಗಭದ್ರೆಯ ಆಚೆಗೆ ಮುಂಬಯಿ ಸರ್ಕಾರದ ಧಾರವಾಡದ ಆಸ್ಪತ್ರೆ. ದಕ್ಷಿಣಕ್ಕೆ ಮೈಸೂರು ಸಂಸ್ಥಾನದ ಬೆಂಗಳೂರಿನ ಆಸ್ಪತ್ರೆ. ಮೂರು ಸರ್ಕಾರಗಳ ಮೂರು ಆಸ್ಪತ್ರೆಗಳ ನಡುವೆ ನಮ್ಮ ಹಳ್ಳಿಯ ರೋಗಿಗೆ ಹತ್ತಿರವಿದ್ದುದು ದೇವರ ಗುಡಿಯೊಂದೇ. ಮೈಲಾರಕ್ಕೆ ಕರೆದೊಯ್ದರು, ಉಜ್ಜಿನಿಗೆ ಕರೆದೊಯ್ದರು, ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿಸಿದರು. ಇದನ್ನು ಹಳಿಯುವುದು ಸಲ್ಲದು. ಬೇರೆ ಬಾಗಿಲು ಇಲ್ಲದವರು ತೆರೆದ ಬಾಗಿಲಿಗೆ ಹೋದರು. ಅಲ್ಲಿ ಎಷ್ಟೋ ಮಂದಿ ರೋಗಿಗಳಿಗೆ ಅನ್ನವೂ ಜನರ ಸಂಗವೂ ಧೈರ್ಯವೂ ದೊರೆತಿರುವುದು ಸುಳ್ಳಲ್ಲ. ಆದರೆ ದೈವಭಕ್ತಿಯು ಬೇರೆ, ಸರಪಳಿಯು ಬೇರೆ. ೨೦೦೧ನೆಯ ಆಗಸ್ಟ್ ತಿಂಗಳಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಶ್ರಯ ಬೇಡಿ ಬಂದವರನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಬಿಗಿದಿದ್ದ ರೋಗಿಗಳು ಓಡಲಾರದೆ ಸತ್ತರು. ಒಟ್ಟು ೨೮ ಮಂದಿ ಹೀಗೆ ಗತಿಸಿದರು. ಅಸಾಧ್ಯವೆಂದು ಕೈತೊಳೆದುಕೊಂಡ ಮೇಲೆ ಮನುಷ್ಯನು ಎಲ್ಲಿಗೆ ಹೋಗಿ ಸೇರುತ್ತಾನೆಂಬುದಕ್ಕೆ ಇದಕ್ಕಿಂತ ಕ್ರೂರವಾದ ನಿದರ್ಶನವು ಬೇಡ.

ಇನ್ನು ಔಷಧವೆಂಬ ಪಾದವು ಬೆಳೆದ ಬಗೆಯನ್ನು ನೋಡೋಣ. ೧೯೩೪ರಲ್ಲಿ ಬುಡಾಪೆಸ್ಟಿನ ಮೆದುನಾ ಎಂಬ ವೈದ್ಯನು ಔಷಧದಿಂದ ಸೆಳವು ಬರಿಸಿ ಮನೋರೋಗವನ್ನು ಶಮನಗೊಳಿಸಲು ಯತ್ನಿಸಿದನು. ೧೯೩೮ರಲ್ಲಿ ರೋಮಿನ ಚೆರ್ಲೆತ್ತಿ ಮತ್ತು ಬೀನಿ ಎಂಬವರು ಅದೇ ಸೆಳವನ್ನು ವಿದ್ಯುತ್ತಿನಿಂದ ಬರಿಸಿದರು. ನಮ್ಮ ಜನರು 'ಕರೆಂಟು ಕೊಡುವುದು' ಎಂದು ಹೆದರಿ ನುಡಿಯುವ ಚಿಕಿತ್ಸೆಯು ಇದೇ. ಮೊದಮೊದಲು ಅರಿವಳಿಕೆಯಿಲ್ಲದೆ ಕೊಡುತ್ತಿದ್ದರಾಗಿ ಮೂಳೆ ಮುರಿಯುವುದೂ ಇತ್ತು. ಜನರ ಭೀತಿಯು ನಿರಾಧಾರವೇನೂ ಅಲ್ಲ. ಇಂದು ನಿದ್ರೆ ಬರಿಸಿ, ಸ್ನಾಯುಗಳನ್ನು ಸಡಿಲಿಸಿ ಕೊಡುತ್ತಾರೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಅರಿವಳಿಕೆಯಿಲ್ಲದೆ ಇದನ್ನು ಕೊಡುವುದನ್ನೂ, ರೋಗಿಯನ್ನು ಯಾವ ರೀತಿಯಲ್ಲಾದರೂ ಸರಪಳಿಯಿಂದ ಕಟ್ಟುವುದನ್ನೂ ನಿಷೇಧಿಸಿದೆ. ಕೆಲಕಾಲ ಮರೆವು ಉಂಟಾಗುವುದು ಇದರ ದೋಷ. ಆದರೂ ಅನ್ನನೀರು ಬಿಟ್ಟು ಮಲಗಿದ, ಸಾವನ್ನೇ ಬಯಸುವ ಖಿನ್ನನಿಗೆ ಇದರಷ್ಟು ಬೇಗ ಫಲಕೊಡುವ ಸಾಧನಗಳು ವಿರಳ.

ಎರಡನೆಯ ಕಥೆಯು ನಮ್ಮ ದೇಶದ ಸರ್ಪಗಂಧದ್ದು. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ, ಕಾರ್ತಿಕಚಂದ್ರ ಬೋಸ ಎಂಬ ವೈದ್ಯರು ಈ ಬೇರು ರಕ್ತದ ಒತ್ತಡವನ್ನೂ ಉಗ್ರೋನ್ಮಾದವನ್ನೂ ತಗ್ಗಿಸುವುದೆಂದು ಪ್ರಕಟಿಸಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಸಾರವನ್ನು ಬೇರ್ಪಡಿಸಿ ರಿಸರ್ಪಿನ್ ಎಂದು ಹೆಸರಿಟ್ಟರು. ಎರಡು ವರ್ಷಗಳಲ್ಲಿ ಅದು ಅಮೆರಿಕದ ಮಾನಸಾಸ್ಪತ್ರೆಗಳನ್ನು ಸೇರಿತು. ಆದರೆ ರಕ್ತದೊತ್ತಡಕ್ಕಾಗಿ ಅದನ್ನು ಸೇವಿಸಿದ ಕೆಲವರು ಖಿನ್ನತೆಗೆ ಇಳಿದುದು ಕಂಡುಬಂದಿತು. ಉನ್ಮಾದವನ್ನು ಇಳಿಸುವ ಬೇರು ಖಿನ್ನತೆಯನ್ನು ತರುವುದಾದರೆ, ಇವೆರಡರ ಹಿಂದೆಯೂ ಮಿದುಳಿನ ಯಾವುದೋ ರಸಗಳ ಏರಿಳಿತವಿರಬೇಕೆಂದು ವಿದ್ವಾಂಸರು ಊಹಿಸಿದರು. ಆ ಊಹೆಯು ಇಂದು ಪೂರ್ಣಸತ್ಯವೆಂದು ಯಾರೂ ಹೇಳರು; ಆದರೂ ಬಹುಕಾಲದ ಸಂಶೋಧನೆಗೆ ಅದೇ ದಾರಿದೀಪವಾಯಿತು. ೧೯೫೭ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಎಂಬಾತನು ಇಮಿಪ್ರಮೀನ್ ಎಂಬ ಔಷಧವು ಖಿನ್ನತೆಯನ್ನು ನೀಗುವುದೆಂದು ಪ್ರಕಟಿಸಿದನು.

ಮೂರನೆಯದು ಲಿಥಿಯಂ ಎಂಬ ಲವಣ. ೧೯೪೯ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಇದರಿಂದ ಉನ್ಮಾದವು ಶಮನವಾಗುವುದೆಂದು ಪ್ರಕಟಿಸಿದನು. ಅವನ ಮೊದಲನೆಯ ರೋಗಿಯು ೫೧ ವರ್ಷದ ಗೃಹಸ್ಥ. ಐದು ವರ್ಷಗಳಿಂದ ಉನ್ಮಾದವಿಳಿಯದೆ ಆಸ್ಪತ್ರೆಯಲ್ಲಿಯೇ ಇದ್ದವನು. ಕೆಲವೇ ತಿಂಗಳಲ್ಲಿ ಆತನು ಗುಣಹೊಂದಿ ಮನೆಗೆ ಹೋದನು. ಇಲ್ಲಿಯವರೆಗೆ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಉತ್ತರಾರ್ಧವನ್ನು ಹೇಳುವವರು ಕಡಿಮೆ. ಮನೆಯಲ್ಲಿ ಆತನು ಲವಣವನ್ನು ತೆಗೆದುಕೊಳ್ಳುವುದನ್ನು ಬಿಟ್ಟನು. ಆರು ತಿಂಗಳಲ್ಲಿ ರೋಗವು ಮರುಕಳಿಸಿ ಆಸ್ಪತ್ರೆಗೆ ಹಿಂದಿರುಗಿದನು. ಕಡೆಗೆ ೧೯೫೦ರಲ್ಲಿ ಅದೇ ಲವಣವು ಮೈಯಲ್ಲಿ ಅಧಿಕವಾಗಿ ತೀರಿಕೊಂಡನು. ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯುವ ಪದ್ಧತಿಯು ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಔಷಧವೆಂಬ ಪಾದವೊಂದು ಬಂದು ನಿಂತಿತು. ಉಳಿದ ಪಾದಗಳು ಬರಲಿಲ್ಲ.

ಈಗ ವೈದ್ಯನೆಂಬ ಪಾದ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಯು ೧೯೨೫ರಲ್ಲಿ ಮಾನಸಾಸ್ಪತ್ರೆಯೆಂಬ ಹೆಸರನ್ನು ಪಡೆದು, ಡಾ|| ಫ್ರಾಂಕ್ ನೊರೋನ್ಹಾ ಅವರ ಕಾಲದಲ್ಲಿ, ೧೯೩೦ರ ದಶಕದ ಉತ್ತರಾರ್ಧದಲ್ಲಿ, ವಿಶಾಲವಾದ ಹೊಸ ಆವರಣಕ್ಕೆ ಬಂದಿತು. ಅದರ ಪಕ್ಕದಲ್ಲಿ ೧೯೫೪ರಲ್ಲಿ ಡಾ|| ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ೧೯೭೪ರಲ್ಲಿ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ದೇಶಕ್ಕೆಲ್ಲ ತಜ್ಞರನ್ನು ಸಿದ್ಧಗೊಳಿಸಿದ ಸಂಸ್ಥೆಯಿದು. ಆದರೆ ತಜ್ಞನು ಬೆಂಗಳೂರಿನಲ್ಲಿ, ರೋಗಿಯು ಹರಪನಹಳ್ಳಿಯ ಹಳ್ಳಿಯಲ್ಲಿ! ಒಮ್ಮೆ ಸಾಲಮಾಡಿ ಹೋಗಿಬರಬಹುದು. ತಿಂಗಳು ತಿಂಗಳು ಹೋಗಲಾದೀತೇ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಪ್ರಯೋಗಭೂಮಿಯು ನಮ್ಮ ಜಿಲ್ಲೆಯೇ ಎಂಬುದನ್ನು ಇಲ್ಲಿಯ ವಿದ್ಯಾವಂತರಲ್ಲಿಯೂ ಅನೇಕರು ಅರಿಯರು. ನಿಮ್ಹಾನ್ಸಿನವರು ೧೯೭೫ರಿಂದ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಗ್ರಾಮಚಿಕಿತ್ಸೆಯ ಅಭ್ಯಾಸವನ್ನು ನಡೆಸಿದ್ದರು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಘೋಷಿತವಾಯಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡುವುದಕ್ಕಾಗಿ ೧೯೮೫ರಲ್ಲಿ ಬಳ್ಳಾರಿಯನ್ನು ಆರಿಸಿದರು. ಆಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲವೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದುವು; ಇಂದಿನ ವಿಜಯನಗರ ಜಿಲ್ಲೆಯು ರಚಿತವಾದದ್ದು ೨೦೨೧ರಲ್ಲಿ. ೧೯೮೧ರ ಜನಗಣತಿಯಂತೆ ಜಿಲ್ಲೆಯಲ್ಲಿ ಸುಮಾರು ೧೫ ಲಕ್ಷ ಜನರಿದ್ದರು. ಡಾ|| ಆರ್. ಶ್ರೀನಿವಾಸಮೂರ್ತಿ, ಡಾ|| ಮೋಹನ್ ಐಸಾಕ್, ಮನೋರೋಗಗಳ ಮೇಲೆ ಕನ್ನಡದಲ್ಲಿ ವಿಪುಲವಾಗಿ ಬರೆದ ಡಾ|| ಸಿ. ಆರ್. ಚಂದ್ರಶೇಖರ್ ಮುಂತಾದವರು ಈ ಕಾರ್ಯದೊಡನೆ ಸಂಬಂಧವುಳ್ಳವರು.

ಏರ್ಪಾಟು ಸರಳವಾದುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆಮಾಡುವ ಶಿಕ್ಷಣವನ್ನು ಕೊಟ್ಟರು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗದ ಕುರುಹುಗಳನ್ನು ಕಲಿಸಿದರು. ಅತ್ಯವಶ್ಯಕವಾದ ಕೆಲವೇ ಔಷಧಗಳು ಹಳ್ಳಿಯ ಕೇಂದ್ರದಲ್ಲಿಯೇ ಸಿಕ್ಕುವಂತೆ ಮಾಡಿದರು. ಕಷ್ಟಕರವಾದ ರೋಗಿಗಳನ್ನು ನೋಡಲು ಬಳ್ಳಾರಿಯಲ್ಲಿ ತಜ್ಞರ ತಂಡವನ್ನಿರಿಸಿದರು. ಚರಕನ 'ಬಹುತೆ'ಯು ಇದಲ್ಲದೆ ಮತ್ತೇನು? ೧೯೯೬ರಲ್ಲಿ ಕೇಂದ್ರ ಸರ್ಕಾರವು ಬಳ್ಳಾರಿಯ ಮಾದರಿಯನ್ನನುಸರಿಸಿ ನಾಲ್ಕು ರಾಜ್ಯಗಳ ಒಂದೊಂದು ಜಿಲ್ಲೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದು ಕ್ರಮೇಣ ದೇಶದಲ್ಲೆಲ್ಲ ಹಬ್ಬಿತು. ಬಿಸಿಲಿಗೂ ಬರಕ್ಕೂ ಹೆಸರಾದ ನಮ್ಮ ಸೀಮೆಯು ಭಾರತಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಇದೊಂದನ್ನು ನಾವು ಎಣಿಸಬೇಕು.

ಇಷ್ಟನ್ನು ಪುಸ್ತಕದಿಂದ ತಿಳಿಯಬಹುದು. ಉಪಚಾರಕ ಮತ್ತು ರೋಗಿಯೆಂಬ ಉಳಿದೆರಡು ಪಾದಗಳನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಸೋದರಮಾವನವರಿಂದ ಕಲಿತೆನು. ವರ್ಷದಲ್ಲಿ ಕೆಲವು ತಿಂಗಳು ಅವರು ಬೆಳಗಿನ ಜಾವದಲ್ಲೆದ್ದು ಬಾವಿ ತೋಡಿಸುವರು, ಕಂಡವರಿಗೆ ದಾನ ಕೊಡುವರು, ರಾತ್ರಿಯೆಲ್ಲ ಶ್ಲೋಕಗಳನ್ನು ಹೇಳುವರು. ಮತ್ತೆ ಕೆಲವು ತಿಂಗಳು ಗೋಡೆಯ ಕಡೆಗೆ ಮುಖಮಾಡಿ ಮಲಗುವರು. ಊರವರು ಗಾಳಿ ಸೋಕಿದೆಯೆಂದರು; ನಾವೂ ನಂಬಿದೆವು. ಕುಗ್ಗಿದ ಕಾಲದಲ್ಲಿ ಮಾತ್ರ ನೋಡಿದ ವೈದ್ಯರಿಗೆ ನಾವು ಹಿಗ್ಗಿನ ಕಾಲದ ಸುದ್ದಿಯನ್ನು ಹೇಳಲೇ ಇಲ್ಲ. ಅದು ರೋಗವೆಂದು ನಮಗೆ ಹೊಳೆಯಲೇ ಇಲ್ಲ! ಆದುದರಿಂದ ಖಿನ್ನತೆಯ ಗುಳಿಗೆಯನ್ನು ಮಾತ್ರ ಕೊಟ್ಟರು. ಅದರಿಂದ ಹಿಗ್ಗು ಇನ್ನಷ್ಟು ಕೆರಳಿತು. ದ್ವಿಧ್ರುವವ್ಯಾಧಿಯಲ್ಲಿ ಹೀಗಾಗುವುದುಂಟೆಂದು ಆಮೇಲೆ ತಿಳಿಯಿತು.

೧೯೮೬ರಲ್ಲಿ, ಬಳ್ಳಾರಿಯ ಕಾರ್ಯಕ್ರಮದಲ್ಲಿ ತರಬೇತಿ ಹೊಂದಿದ ತರುಣ ವೈದ್ಯರೊಬ್ಬರು ನಮ್ಮ ತಾಯಿಯನ್ನು ಕೂರಿಸಿಕೊಂಡು ಹಿಂದಿನ ಹತ್ತು ವರ್ಷದ ಚರಿತ್ರೆಯನ್ನು ಕೇಳಿದರು. ರೋಗವು ಆ ದಿನ ಸಿಕ್ಕಿಬಿದ್ದಿತು. ಮಾವನವರನ್ನು ತಜ್ಞರಲ್ಲಿಗೆ ಕಳುಹಿಸಲು ಲಿಥಿಯಂ ಆರಂಭವಾಯಿತು. ಎರಡು ವರ್ಷ ಮನೆಯು ಶಾಂತವಾಗಿತ್ತು. ಆಮೇಲೆ ಒಂದು ಬೇಸಗೆಯಲ್ಲಿ ಮಾವನವರು ಉಪ್ಪು ಬಿಟ್ಟು ವ್ರತ ಹಿಡಿದರು. ಮೈಯಲ್ಲಿ ಉಪ್ಪೂ ನೀರೂ ಕಡಿಮೆಯಾದರೆ ಲಿಥಿಯಂ ಹೊರಹೋಗದೆ ರಕ್ತದಲ್ಲಿ ಏರುವುದೆಂದು ವೈದ್ಯರು ಹೇಳಿದ್ದುದನ್ನು ನಾವು ಮರೆತಿದ್ದೆವು. ಕೈನಡುಕ, ವಾಂತಿ, ತೊದಲುಮಾತು ಕಾಣಿಸಿದುವು. "ಗುಳಿಗಿಯೇ ವಿಷ ಆಯ್ತು" ಎಂದು ನಮ್ಮವರೇ ಅದನ್ನು ತಿಪ್ಪೆಗೆ ಎಸೆದರು. ವೈದ್ಯರಿಗೆ ಹೇಳಲಿಲ್ಲ. ಆರು ತಿಂಗಳು ತುಂಬುವುದರೊಳಗೆ ಮಾವನವರು ಎತ್ತುಗಳನ್ನು ಮಾರಿ ಹಣವನ್ನು ಹಂಚಿಬಿಟ್ಟಿದ್ದರು. ಅನಂತರ ಅನ್ನ ಬಿಟ್ಟು ಮಲಗಿದರು. ಎಲ್ಲರೂ ಅಸಾಧ್ಯವೆಂದರು. ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡೆನು. ಇಂದಿಗೂ ಆ ನೆನಪು ನನ್ನನ್ನು ನಾಚಿಸುತ್ತದೆ. ರೋಗವು ಬಗ್ಗದಿರಲಿಲ್ಲ; ಕಂಬವನ್ನು ತೆಗೆದವರು ನಾವು.

ನಮ್ಮ ತಾಯಿಯೊಬ್ಬಳೇ ಒಪ್ಪದೆ ಅವರನ್ನು ಮತ್ತೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅರಿವಳಿಕೆ ಕೊಟ್ಟು ಆರು ಬಾರಿ ವಿದ್ಯುತ್ ಚಿಕಿತ್ಸೆಯನ್ನು ಮಾಡಿದರು. ಮೂರನೆಯದು ಮುಗಿದ ಮರುದಿನ ಮಾವನವರು ಗಂಜಿ ಕೇಳಿದರು. ಅಲ್ಲಿಂದ ಮುಂದೆ ಲಿಥಿಯಂ, ನಿಯತವಾದ ರಕ್ತಪರೀಕ್ಷೆ, ಬೇಸಗೆಯಲ್ಲಿ ಮಜ್ಜಿಗೆ ನೀರು. ನಡುವೆ ಎರಡು ಬಾರಿ ರೋಗವು ತಲೆಯೆತ್ತಿತು. ಆಗ ಅವರೇ "ಅಳಿಯಾ, ನಿದ್ದಿ ಕಡಿಮಿ ಆಗೇತಿ, ನಡಿ ಡಾಕ್ಟರ್ ಹತ್ರ" ಎಂದು ಮುಂಚಿತವಾಗಿ ಹೇಳಿದರು. ತನ್ನ ರೋಗವನ್ನು ತಾನೇ ತಿಳಿಸುವ ರೋಗಿ! ನಾಲ್ಕನೆಯ ಪಾದವು ಅಂದು ನೆಲಕ್ಕೆ ತಾಗಿತು. ಅವರು ಮೊಮ್ಮಕ್ಕಳನ್ನು ಕಂಡು ೨೦೧೧ರಲ್ಲಿ ವೃದ್ಧಾಪ್ಯದಿಂದ ತೀರಿಕೊಂಡರು. ಬಂಧುಗಳ ಬಲವನ್ನು ವೈದ್ಯರೂ ಅರಿತಿದ್ದರು. ೧೯೫೦ರ ದಶಕದಲ್ಲಿಯೇ ಅಮೃತಸರದ ಡಾ|| ವಿದ್ಯಾಸಾಗರರು ರೋಗಿಯ ಮನೆಯವರನ್ನು ಆಸ್ಪತ್ರೆಯ ಆವರಣದ ಗುಡಾರಗಳಲ್ಲಿರಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದ್ದರು.

ಹಾಗಾದರೆ ನಿಜವಾಗಿ ಬಗ್ಗದ ರೋಗವೇ ಇಲ್ಲವೇ? ಉಂಟು. ಎರಡು ಬೇರೆ ಬೇರೆ ಔಷಧಗಳನ್ನು ಪೂರ್ಣ ಪ್ರಮಾಣದಲ್ಲಿ, ಒಂದೊಂದನ್ನೂ ನಾಲ್ಕಾರು ವಾರಗಳಿಗೆ ಕಡಿಮೆಯಿಲ್ಲದೆ ಕೊಟ್ಟರೂ ಇಳಿಯದ ಖಿನ್ನತೆಯನ್ನು ವೈದ್ಯರು ಸಾಮಾನ್ಯವಾಗಿ ಚಿಕಿತ್ಸೆಗೆ ಬಗ್ಗದ ಖಿನ್ನತೆಯೆನ್ನುತ್ತಾರೆ. ಹಾಗೆನ್ನುವ ಮೊದಲು ಗುಳಿಗೆಯು ಹೊಟ್ಟೆಗೆ ಹೋಗಿದೆಯೇ, ಥೈರಾಯಿಡ್ ಗ್ರಂಥಿಯ ದೋಷವಿದೆಯೇ, ಮದ್ಯಪಾನವಿದೆಯೇ, ಹಿಂದೆ ಹಿಗ್ಗಿನ ಕಾಲವೊಂದಿತ್ತೇ ಎಂದು ವಿಚಾರಿಸುತ್ತಾರೆ. ೨೦೦೬ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ ಸುಮಾರು ೪,೦೦೦ ರೋಗಿಗಳಿದ್ದರು. ಮೊದಲನೆಯ ಔಷಧದಿಂದ ಸುಮಾರು ಮೂರನೆಯ ಒಂದು ಪಾಲು ಗುಣಹೊಂದಿದರು. ಎರಡನೆಯ ಹೆಜ್ಜೆಯಲ್ಲಿ ಉಳಿದವರಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು. ಮೂರು, ನಾಲ್ಕನೆಯ ಹೆಜ್ಜೆಗಳಲ್ಲಿ ಏಳೆಂಟು ಮಂದಿಗೆ ಒಬ್ಬರಂತೆ. ಈ ಲೆಕ್ಕವು ಹೆಚ್ಚಾಯಿತೆಂದು ಆಕ್ಷೇಪಿಸಿದವರೂ ಇದ್ದಾರೆ. ಆದರೂ ಎರಡು ಸಂಗತಿಗಳು ಸ್ಪಷ್ಟ: ಮೊದಲ ಔಷಧವು ಸೋತರೆ ಎಲ್ಲವೂ ಸೋತಂತಲ್ಲ, ಮುಂದೆ ಮುಂದೆ ಹೋದಂತೆ ದಾರಿಯು ಕಡಿದಾಗುವುದು.

ಆ ಕಡಿದಾದ ದಾರಿಗೂ ಹೊಸ ಮೆಟ್ಟಿಲುಗಳು ಬಂದಿವೆ. ಔಷಧದ ಜೊತೆಗೆ ಲಿಥಿಯಂ ಸೇರಿಸುವುದೊಂದು, ವಿದ್ಯುತ್ ಚಿಕಿತ್ಸೆಯೊಂದು. ೨೦೦೦ದಲ್ಲಿ ನಿಮ್ಹಾನ್ಸಿನವರು ಆಸ್ಪತ್ರೆಗೆ ಸೇರಿದ ೪೫ ಮಂದಿ ತೀವ್ರ ಖಿನ್ನರನ್ನು ಮೂರು ಗುಂಪುಮಾಡಿ ನಾಲ್ಕು ವಾರ ಪರೀಕ್ಷಿಸಿದರು. ಗುಣಹೊಂದಿದವರು ವಿದ್ಯುತ್ ಚಿಕಿತ್ಸೆಯಿಂದ ನೂರಕ್ಕೆ ೯೩, ಇಮಿಪ್ರಮೀನಿನಿಂದ ೭೩, ಸುದರ್ಶನಕ್ರಿಯೆಯೆಂಬ ಉಸಿರಾಟದ ಅಭ್ಯಾಸದಿಂದ ೬೭. ಗುಂಪುಗಳು ಸಣ್ಣವು, ಆದರೂ ಹೆದರುವ ಸಾಧನವೇ ಮುಂದೆ ನಿಂತುದನ್ನು ಗಮನಿಸಬೇಕು. ಶೆಫೀಲ್ಡಿನಲ್ಲಿ ೧೯೮೫ರಲ್ಲಿ ರೂಪಿಸಿದ ಯಂತ್ರದಿಂದ ಬೆಳೆದ ಕಾಂತಚಿಕಿತ್ಸೆಯು, ತಲೆಯ ಹೊರಗಿನಿಂದಲೇ ಮಿದುಳಿನ ಭಾಗವನ್ನು ಪ್ರಚೋದಿಸುತ್ತದೆ. ಇದಕ್ಕೆ ಅರಿವಳಿಕೆಯೂ ಬೇಡ. ಅರಿವಳಿಕೆಯ ಔಷಧವಾದ ಕೆಟಮೀನ್ ಅಲ್ಪಪ್ರಮಾಣದಲ್ಲಿ ಕೆಲವು ಗಂಟೆಗಳಲ್ಲಿಯೇ ಖಿನ್ನತೆಯನ್ನು ಇಳಿಸಬಲ್ಲುದೆಂದು ೨೦೦೦ದಿಂದ ಕಂಡುಬಂದಿದೆ. ಅದರ ಒಂದು ರೂಪವನ್ನು ಬಗ್ಗದ ಖಿನ್ನತೆಗೆಂದೇ ಅಮೆರಿಕದಲ್ಲಿ ೨೦೧೯ರಲ್ಲಿ ಅಂಗೀಕರಿಸಿದರು. ಅದರ ಫಲವು ಬಹುಕಾಲ ನಿಲ್ಲದಿರಬಹುದು; ಚಟವಾಗುವ ಭಯವೂ ಇದೆ. ಮಿದುಳಿನೊಳಗೆ ಸೂಕ್ಷ್ಮ ತಂತಿಯನ್ನಿಟ್ಟು ಮಾಡುವ ಚಿಕಿತ್ಸೆಯು ಖಿನ್ನತೆಯ ವಿಷಯದಲ್ಲಿ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಇಷ್ಟಾದರೂ ಪೂರ್ತಿ ಗುಣಹೊಂದದವರು ಇದ್ದೇ ಇರುವರು. ಅವರನ್ನು ಯಾಪ್ಯರೆನ್ನೋಣ, ಅಸಾಧ್ಯರೆಂದು ಕೈಬಿಡುವುದು ಬೇಡ.

ಆ ಕಟ್ಟೆಯ ಮಾತಿಗೆ ಹಿಂದಿರುಗುವೆನು. ಮರುವಾರ ನಾನು ಆ ತರುಣನ ತಂದೆಯನ್ನು ಕಂಡು ನಾಲ್ಕು ಪ್ರಶ್ನೆಗಳನ್ನು ಕೇಳಿದೆನು. ಮೂರು ಕಡೆ ತೋರಿಸಿದ್ದು ನಿಜ. ಒಂದು ಕಡೆಯ ಔಷಧವನ್ನೂ ಹದಿನೈದು ದಿನಗಳ ಮೇಲೆ ಕೊಟ್ಟಿರಲಿಲ್ಲ. "ಮೈ ಭಾರ ಆಕ್ಕೈತಿ ಅಂತಾನ್ರಿ ಮೇಷ್ಟ್ರೆ, ಬಿಡಿಸಿಬಿಟ್ವಿ" ಎಂದರು. ನಾನು ನನ್ನ ಮಾವನವರ ಕಥೆಯನ್ನು ಹೇಳಿದೆನು. ೨೦೨೨ರ ಅಕ್ಟೋಬರಿನಲ್ಲಿ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯ ೧೪೪೧೬ ಎಂಬ ಅಂಕಿಯನ್ನು ಅವರ ಮನೆಯ ಪಂಚಾಂಗದ ಮೇಲೆ ಬರೆದುಕೊಟ್ಟೆನು. ಕನ್ನಡದಲ್ಲಿಯೇ ಮಾತಾಡುವರೆಂದೂ ಹಣವಿಲ್ಲವೆಂದೂ ತಿಳಿಸಿದೆನು. ಈಗ ಆ ಹುಡುಗನು ತಾಲ್ಲೂಕು ಆಸ್ಪತ್ರೆಯ ಮೂಲಕ ಬಳ್ಳಾರಿಯಲ್ಲಿ ಚಿಕಿತ್ಸೆಯಲ್ಲಿದ್ದಾನೆ. ಗುಣವಾದನೇ ಎಂದರೆ, ಇಲ್ಲ. ಎರಡನೆಯ ಔಷಧವು ಐದನೆಯ ವಾರದಲ್ಲಿದೆ. ಮೊನ್ನೆ ಹೊಲದವರೆಗೆ ಹೋಗಿ ಬಂದನಂತೆ.

ವಾಚಕಮಹಾಶಯರ ಮನೆಗಳಲ್ಲಿಯೂ ನೆರೆಹೊರೆಗಳಲ್ಲಿಯೂ ಇಂಥವರು ಇರಬಹುದು. ಅಸಾಧ್ಯವೆಂಬ ಮಾತು ನಾಲಗೆಯ ತುದಿಗೆ ಬಂದಾಗ ದಯವಿಟ್ಟು ಒಂದು ಕ್ಷಣ ತಡೆದು, ನಾಲ್ಕು ಪಾದಗಳಲ್ಲಿ ಯಾವುದು ನೆಲಕ್ಕೆ ತಾಗಿಲ್ಲವೆಂದು ನೋಡಬೇಕಾಗಿ ಪ್ರಾರ್ಥನೆ. ಅದು ನಮ್ಮದೇ ಪಾದವಾಗಿದ್ದರೂ ಆಶ್ಚರ್ಯವಿಲ್ಲ.